ಬೊಡ್ಡೆಯ ಮೇಲಿನ ಹೊಟ್ಟು

ಕಲೆ ಕಂಡಮೇಲೆ ಮುನಿರಾಜನಿಗೆ ಟೀ ಸೇರಲಿಲ್ಲ. ಸ್ಟೀಲಿನ ಲೋಟ ಕೈಯಲ್ಲೇ ಆರಿ ಮೇಲೆ ಕೆನೆ ಕಟ್ಟುತ್ತಿತ್ತು. ಸಮೇತನಹಳ್ಳಿಯ ಆವಲಪ್ಪನವರ ಹಿತ್ತಿಲಲ್ಲಿ, ಸೊಂಟದೆತ್ತರಕ್ಕೆ ಕೊಯ್ದು ಬಿಟ್ಟಿದ್ದ ಹುಣಸೆ ಬೊಡ್ಡೆಯ ಮುಂದೆ, ಅವನು ಯಾರದೋ ಸಾವಿನ ಮನೆಗೆ ಬಂದವನಂತೆ ನಿಂತಿದ್ದ. ಬೊಡ್ಡೆ ದೊಡ್ಡದು, ಒಬ್ಬನ ತಬ್ಬಿಗೆ ಸಿಗುವಂಥದಲ್ಲ. ಬೆಳಿಗ್ಗೆ ಬಂದವನೇ ಪದ್ಧತಿಯಂತೆ ಕೊಡದಲ್ಲಿ ನೀರು ತಂದು ಸುರಿದು, ತೆಂಗಿನ ನಾರಿನಿಂದ ಅದರ ಕೊಯ್ದ ಮುಖವನ್ನು ತಿಕ್ಕಿ ತೊಳೆದಿದ್ದ. ಧೂಳು, ಕೋಳಿ ಹಿಕ್ಕೆ ಎಲ್ಲ ಹೋಗಿ ನಡುವಿನ ಕೆಂಪು ತಿರುಳು ಹೊಳೆಯಿತು. ಅದರ ಸುತ್ತ ಮಾಸಲು ಬಿಳಿ ಮರ. ಆ ಬಿಳಿಯಲ್ಲಿ, ಅಂಚಿನಿಂದ ಒಂದು ಗೇಣು ಒಳಗೆ, ಮಸಿ ಚೆಲ್ಲಿದ ಹಾಗೆ ಅಂಗೈಯಗಲದ ನೀಲಿಗಪ್ಪು ಕಲೆ. ಹುಣಸೆ ಮರದೊಳಗೆ ಕಬ್ಬಿಣ ಸೇರಿ ಬಹಳ ಕಾಲವಾದರೆ ಹೀಗೆ ಕಪ್ಪು ಕಟ್ಟಿ ನಾರುಗುಂಟ ಮೇಲೂ ಕೆಳಗೂ ಹರಿಯುತ್ತದೆಂದು ಅವನಿಗೆ ಹೇಳಿಕೊಟ್ಟವಳು ಅತ್ತಿಗೆ. ಅಂದರೆ ಒಳಗೆ ಮೊಳೆ ಇದೆ. ಅವನು ಸುತ್ತ ನೋಡಿದ. ಕಟ್ಟಿಹಾಕಿದ ಒಂದು ಹಸು ಬಿಟ್ಟರೆ ಯಾರೂ ಇರಲಿಲ್ಲ. ಮರ ಕೊಯ್ದವರು ಬಿಟ್ಟುಹೋದ ಹೊಟ್ಟಿನ ಗುಡ್ಡೆ ಕಾಲ ಬಳಿಯೇ ಇತ್ತು. ಎರಡು ಬೊಗಸೆ ಎತ್ತಿ ಕಲೆಯ ಮೇಲೆ ಉದುರಿಸಿ ಅಂಗೈಯಲ್ಲಿ ಸವರಿಬಿಟ್ಟ. ಅಷ್ಟೇ ಮಾಡಿದ್ದು. ಆಮೇಲೆ ಆವಲಪ್ಪನವರು ಟೀ ಕಳಿಸಿದರು.

ಏನಾದೀತು, ಮಹಾ? ಒಂದು ಮೊಳೆ ಇರಬಹುದು, ನಾಲ್ಕಿರಬಹುದು. ಹೊಸಕೋಟೆಯಿಂದ ಮೆಷಿನ್ನು ಮಾರುವ ಕಂಪನಿಯ ನವೀನ್‌ಕುಮಾರ್ ಓಡಿಸಿ ತೋರಿಸಲು ತರುತ್ತಿರುವುದೇನು ಸಾಮಾನ್ಯ ಮೆಷಿನ್ನೇ? ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಟ್ರ್ಯಾಕ್ಟರಿನ ಬಲದಲ್ಲೇ ತಿರುಗಿಸುವಂಥದು. ಎತ್ತಿನಗಾಡಿಯ ಗಾಲಿಯಷ್ಟು ದೊಡ್ಡ ಉಕ್ಕಿನ ಚಕ್ರ, ಅದರ ಅಂಚಿಗೆಲ್ಲ ಗಟ್ಟಿಲೋಹದ ಹಲ್ಲು. ಬೊಡ್ಡೆಯನ್ನು ಅಗೆದು ಕೀಳುವ ಗೋಜೇ ಇಲ್ಲ, ನಿಂತಲ್ಲೇ ಅಗಿದು ಪುಡಿ ಮಾಡಿ ನೆಲಸಮ ಮಾಡಿಬಿಡುತ್ತದೆ. ಅತ್ತಿಗೆ ಕಲೆ ನೋಡಿದಳೋ, ಕಥೆ ಮುಗಿಯಿತು. ಮೊದಲು ಮೊಳೆ ತೆಗಿ ಅನ್ನುತ್ತಾಳೆ, ಕಂಪನಿಯ ಹಲ್ಲು ಮುರಿದರೆ ಯಾರು ಹೊಣೆ ಎಂದು ನವೀನ್‌ಕುಮಾರ್ ಗಾಡಿ ತಿರುಗಿಸುತ್ತಾನೆ, ಮೆಷಿನ್ನು ನಾಳೆ ಕೋಲಾರದ ಕಡೆ ಹೋಗುತ್ತದೆ. ಭಾನುವಾರ ನೆಲಮಂಗಲದ ಕಡೆಯಿಂದ ಹೆಣ್ಣಿನವರು ಇವನ ಊರು ಸಾಸಲಿಗೆ ಬರುತ್ತಾರೆ. ದಲ್ಲಾಳಿ ಜವರಪ್ಪ ಅವರಿಗೆ ಏನು ಹೇಳಿದ್ದಾನೋ ಅದನ್ನೆಲ್ಲ ಹೇಳಿಕೊಟ್ಟವನು ಮುನಿರಾಜನೇ: ಹುಡುಗ ಮೆಷಿನರಿ ಓನರ್ರು, ದೊಡ್ಡ ಮೆಷಿನ್ನು ಬರುತ್ತಾ ಐತೆ, ಟ್ರ್ಯಾಕ್ಟರ್ ಮೇಲೆ ಕೂತು ಮಾಡೋ ಕೆಲಸ. ಹೋದಸಲ ನೋಡಿದ ಹೆಣ್ಣಿನ ಮನೆಯಲ್ಲಿ ಆಗಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹುಡುಗಿಯ ಅಣ್ಣ ಫೋನಿನಲ್ಲಿ ಇವನ ವಿಡಿಯೋ ಹುಡುಕಿ ತೆಗೆದಿದ್ದ. ಬೊಡ್ಡೆ ಪುಡಿ ಮಾಡುವ ಸಣ್ಣ ಕೈಮೆಷಿನ್ನಿನ ಹಿಂದೆ ಬಗ್ಗಿಕೊಂಡು ಮೈಯೆಲ್ಲ ಹೊಟ್ಟು ಮೆತ್ತಿಕೊಂಡ ಇವನು, ಪಕ್ಕದಲ್ಲಿ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಅತ್ತಿಗೆ. ‘ಇದೇನ್ ಗುರು, ಹುಲ್ಲು ಕೊಯ್ಯೋ ಮೆಷಿನ್ನಾ? ಓನರ್ ನೀವೋ ಅವರೋ?’ ಎಂದು ಅವನು ನಕ್ಕ. ಒಳಗಿನಿಂದ ಹೆಂಗಸರೂ ನಕ್ಕರು. ಮುನಿರಾಜ ತಟ್ಟೆಯಲ್ಲಿದ್ದ ಖಾರದಲ್ಲಿ ಕಡಲೆಬೀಜ ಹುಡುಕುತ್ತ ಕೂತಿದ್ದ. ಈಗ ನೋಡುತ್ತಿರುವ ಹುಡುಗಿಯ ಹೆಸರು ಚಂದನ. ಫೋಟೋದಲ್ಲಿ ಅವಳೂ ಸ್ವಲ್ಪ ನಗುತ್ತಿರುವ ಹಾಗೇ ಇದ್ದಾಳೆ.

ಓನರ್ ಯಾರು ಎಂದರೆ ಅತ್ತಿಗೆಯೇ, ಅದರಲ್ಲೇನು ಮುಚ್ಚುಮರೆ! ಗಂಗಲಕ್ಷ್ಮಮ್ಮ ಎಂದು ಹೆಸರು ಹೇಳಿದರೆ ಸಾಸಲಿನಲ್ಲಿ ಯಾರಿಗೂ ಗೊತ್ತಾಗಲಿಕ್ಕಿಲ್ಲ, ಬೊಡ್ಡೆ ಅಕ್ಕ ಎಂದರೆ ಮಕ್ಕಳೂ ಮನೆ ತೋರಿಸುತ್ತವೆ. ಅಣ್ಣ ಅಪ್ಪಯ್ಯಣ್ಣ ಪಂಚಾಯಿತಿಯ ವಾಟರ್‌ಮನ್. ಊರಿಗೆ ನೀರು ಬಿಟ್ಟು ಬಂದು ಊಟ ಮಾಡಿ ಮಲಗುವ ಸಾಧುಮನುಷ್ಯ. ಅತ್ತಿಗೆ ದೇವನಹಳ್ಳಿಯ ಹತ್ತಿರದ ಯಾವುದೋ ವಿಲ್ಲಾಗಳಲ್ಲಿ ಗಿಡಗಳಿಗೆ ಪಾತಿ ಮಾಡುವ ಕೆಲಸಕ್ಕೆ ಹೋಗುತ್ತಿದ್ದಾಗ ಒಂದು ದಿನ ಅಲ್ಲಿಗೆ ಇಂಥ ಮೆಷಿನ್ನು ಬಂತಂತೆ. ಊಟದ ಡಬ್ಬಿ ತೆರೆದು ತೊಡೆಯ ಮೇಲಿಟ್ಟುಕೊಂಡು, ಒಂದು ತುತ್ತೂ ತಿನ್ನದೆ, ಅದು ಒಂದು ಸಿಲ್ವರ್ ಮರದ ಬೊಡ್ಡೆಯನ್ನು ತಿಂದು ಮುಗಿಸುವ ತನಕ ನೋಡುತ್ತ ಕೂತಿದ್ದಳಂತೆ. ವರ್ಷ ತುಂಬುವುದರೊಳಗೆ ಸಂಘದ ಹೆಂಗಸರನ್ನೆಲ್ಲ ಒಪ್ಪಿಸಿ ಸಾಲ ಎತ್ತಿ ಒಂದು ಕೈಮೆಷಿನ್ನು ಮನೆಗೆ ತಂದಳು. ಊರು ನಕ್ಕಿತು. ಮುನಿರಾಜನೂ ನಕ್ಕಿದ್ದ, ಆಗ ಅವನು ಬೆಂಗಳೂರಿನಲ್ಲಿ ಟಿಪ್ಪರ್ ಓಡಿಸುತ್ತಿದ್ದ. ಆಮೇಲೆ ಅವಳು ಕೆಲಸ ಮಾಡುವುದನ್ನು ನೋಡಿದ. ಮೊಣಕೈ ತನಕ ಅಂಗಿ ಮಡಚಿ, ಮುಖಕ್ಕೆ ಗಾಜಿನ ಮರೆ ಇಳಿಸಿ, ಮೆಷಿನ್ನಿನ ಹಿಡಿಯನ್ನು ಹಿಡಿದು ಬೊಡ್ಡೆಯ ಅಂಚಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸವರುತ್ತ ಹೋದರೆ, ಏನೂ ಅವಸರವಿಲ್ಲ, ಏನೂ ಹೆದರಿಕೆಯಿಲ್ಲ, ಅಬ್ಬಾ! ಸದ್ದು ಒಂದು ಎಳೆ ಬದಲಾದರೆ ಸಾಕು, ಎತ್ತಿಬಿಡುತ್ತಾಳೆ. ಕಲ್ಲು ಅನ್ನುತ್ತಾಳೆ. ಕೈ ಹಾಕಿದರೆ ಕಲ್ಲೇ ಇರುತ್ತದೆ. ಸಂಜೆ ಜಗುಲಿಯ ಮೇಲೆ ಕೂತು ಮೊಂಡಾದ ಹಲ್ಲುಗಳನ್ನು ಬಿಚ್ಚಿ, ಸವೆಯದ ಮಗ್ಗುಲನ್ನು ಹೊರಕ್ಕೆ ತಿರುಗಿಸಿ ಮತ್ತೆ ಕೂರಿಸುವಾಗ ರಾಗಿಯಲ್ಲಿ ಕಲ್ಲು ಆರಿಸುವಷ್ಟೇ ನೆಮ್ಮದಿಯಾಗಿರುತ್ತಾಳೆ. ಟಿಪ್ಪರ್ ಬಿಟ್ಟು ಅವಳ ಜೊತೆ ಸೇರಿದ್ದಕ್ಕೆ ಮುನಿರಾಜನಿಗೆ ಒಂದು ದಿನವೂ ಬೇಜಾರಾಗಿರಲಿಲ್ಲ, ಆ ವಿಡಿಯೋ ನೋಡುವ ತನಕ.

ದೊಡ್ಡ ಮೆಷಿನ್ನಿನ ಮಾತು ಶುರುವಾದದ್ದು ಆಮೇಲೆ. ‘ಎಲ್ರೂ ನೀಲಗಿರಿ ತೋಪು ತೆಗೀತಾವ್ರೆ ಅತ್ತಿಗೆ,’ ಎಂದು ಅವನು ಒಂದು ಸಂಜೆ ಪೀಠಿಕೆ ಹಾಕಿದ್ದ. ‘ಎಲ್ಲಿ ನೋಡಿದ್ರೂ ಬೊಡ್ಡೆನೇ. ಕೈಮೆಷಿನ್ನಲ್ಲಿ ಒಂದೆಕರೆ ಮುಗ್ಸೋ ಹೊತ್ಗೆ ಪಕ್ಕದೆಕರೆ ಚಿಗುರ್ಕೊಂಡು ನಿಂತಿರ್ತದೆ.’ ಅತ್ತಿಗೆ ಹಲ್ಲು ತಿರುಗಿಸುತ್ತಲೇ ಒಪ್ಪಿದಳು. ‘ನಿಜ ಕಣೋ. ತೋಪಿಗೆ ದೊಡ್ಡದೇ ಸರಿ. ಆದ್ರೆ ತೋಪಿಗೆ ಜೆಸಿಬಿಯೋರೂ ಅವ್ರೆ. ನಮ್ಮನ್ನ ಕರೆಯೋರು ಯಾರು? ಹಿತ್ಲಲ್ಲಿ ಬೊಡ್ಡೆ ಇರೋರು. ಪಾಯದ ಪಕ್ಕ, ನೀರಿನ ಪೈಪಿನ ಮೇಲೆ, ನಾಗರಕಲ್ಲಿನ ಮಗ್ಗುಲಲ್ಲಿ. ಸಂದೀಲಿ ತೂರ್ಬೇಕು, ಬೇಕಾದಾಗ ನಿಲ್ಬೇಕು. ಇನ್ನೊಂದು ಕೈಮೆಷಿನ್ನೇ ತಗೊಳ್ಳಣ, ಸ್ವಲ್ಪ ಜೋರಾಗಿರೋ ಇಂಜಿನ್ನು, ತಾನೇ ಉರುಳ್ಕೊಂಡು ಹೋಗಂಗಿರ್ಬೇಕು. ನೀನೊಂದು ಹಿಡಿ, ನಾನೊಂದು ಹಿಡೀತೀನಿ.’ ಅವನ ಮುಖ ನೋಡಿ ಏನನ್ನಿಸಿತೋ. ‘ಹೋಗ್ಲಿ ಬಿಡು. ಸಮೇತನಹಳ್ಳಿ ಹುಣಸೆ ಮೇಲೆ ಆ ದೊಡ್ಡದನ್ನ ಬಿಟ್ಟು ನೋಡಣ. ತಿಂದು ತೋರ್ಸಿದ್ರೆ ಅದನ್ನೇ ತಗೊಳ್ಳಣ,’ ಎಂದಳು. ಇದು ಅವಳ ದೊಡ್ಡಗುಣ. ತನಗೆ ಸರಿ ಕಾಣದ್ದನ್ನೂ ಇನ್ನೊಬ್ಬರಿಗಾಗಿ ಪರೀಕ್ಷೆಗಿಡುತ್ತಾಳೆ. ಆ ಪರೀಕ್ಷೆಯ ಮುಖದ ಮೇಲೆ ಇವನು ಹೊಟ್ಟು ಸವರಿದ್ದ.

ಅತ್ತಿಗೆ ಅನುಗೊಂಡನಹಳ್ಳಿಯಿಂದ ಆಟೋದಲ್ಲಿ ಬಂದಳು. ಅದು ಅವಳ ತವರು. ತಮ್ಮನ ಮಗುವಿನ ನಾಮಕರಣ ಎಂದು ಹಿಂದಿನ ದಿನವೇ ಹೋಗಿದ್ದಳು. ಇಳಿದವಳೇ ಬಾಳೆಲೆಯಲ್ಲಿ ಸುತ್ತಿದ ಒಬ್ಬಟ್ಟನ್ನು ಅವನ ಕೈಗಿಟ್ಟಳು. ‘ತಿನ್ನು ಮೊದ್ಲು. ಯಾಕೋ ಮುಖ ಸಣ್ಣಗಾಗೈತೆ.’ ಒಬ್ಬಟ್ಟು ಇನ್ನೂ ಬೆಚ್ಚಗಿತ್ತು. ಅದು ಗಂಟಲಿನಲ್ಲಿ ಇಳಿಯಲಿಲ್ಲ.

‘ತೊಳ್ದ್ಯಾ?’

‘ತೊಳ್ದೆ ಅತ್ತಿಗೆ.’

‘ಏನಾರ ಐತಾ?’

‘ಏನಿಲ್ಲ. ಶುದ್ಧವಾಗೈತೆ.’

ಅವಳು ಬೊಡ್ಡೆಯನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ ನೋಡಿದಳು. ಹತ್ತಿರ ಹೋಗಲಿಲ್ಲ. ಹೋಗುವುದೂ ಇಲ್ಲ, ಅದು ಅವಳೇ ಮಾಡಿದ ಕಟ್ಟಳೆ. ಬೊಡ್ಡೆ ತೊಳೆಯುವುದು ಸರದಿಯ ಮೇಲೆ, ಒಂದು ಇವನು, ಒಂದು ಅವಳು. ತೊಳೆದವರು ಶುದ್ಧ ಎಂದರೆ ಇನ್ನೊಬ್ಬರು ಮತ್ತೆ ನೋಡಬಾರದು. ಮತ್ತೆ ನೋಡುವವರಿದ್ದಾರೆ ಎಂದು ಗೊತ್ತಾದರೆ ಮೊದಲು ನೋಡುವವನ ಕಣ್ಣು ಮೈಗಳ್ಳತನ ಕಲಿಯುತ್ತದೆ ಎನ್ನುತ್ತಾಳೆ. ‘ಸರಿ ಹಂಗಾದ್ರೆ,’ ಎಂದು ಸೆರಗು ಸಿಕ್ಕಿಸಿಕೊಂಡು, ತನ್ನ ಪಾಲಿನ ಇನ್ನೊಂದು ಕೆಲಸಕ್ಕೆ ಮನೆಯ ಕಡೆ ನಡೆದಳು. ಮನೆಯಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸು ಯಾರೋ ಅವರನ್ನು ಕೇಳುವುದು ಅವಳ ಕೆಲಸ. ಅದೂ ಪದ್ಧತಿಯೇ.

ಹಿರಿಯವರೆಂದರೆ ಆವಲಪ್ಪನವರ ತಾಯಿ ಮುನಿವೆಂಕಟಮ್ಮ. ಹಿತ್ತಿಲ ಬಾಗಿಲಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅತ್ತಿಗೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡಳು. ‘ಅಜ್ಜೀ, ಆ ಮರಕ್ಕೆ ಯಾವಾಗ್ಲಾರ ಮೊಳೆಗಿಳೆ ಹೊಡ್ದಿದ್ರಾ? ಬಟ್ಟೆ ದಾರಕ್ಕೋ, ಜೋಕಾಲಿಗೋ... ಇಲ್ಲಾ ಬೇರೆ ಏನಕ್ಕಾರ?’ ಆ ‘ಬೇರೆ ಏನಕ್ಕಾರ’ ಎನ್ನುವುದನ್ನು ಅವಳು ಎಲ್ಲ ಮನೆಯಲ್ಲೂ ಹೀಗೇ ಮೆಲ್ಲಗೆ ಕೊನೆಗಿಡುತ್ತಾಳೆ. ಹೆಣ್ಣಿನ ಮೈಮೇಲೆ ಗಾಳಿ ಬಂದಿದೆ ಎಂದು, ಮಂತ್ರ ಹಾಕುವವನನ್ನು ಕರೆಸಿ, ಅವಳ ನೆತ್ತಿಯ ಕೂದಲನ್ನು ಮೊಳೆಗೆ ಸುತ್ತಿ ಹುಣಸೆಮರಕ್ಕೆ ಹೊಡೆದು, ಕೂದಲು ಕತ್ತರಿಸಿ ಹೆಣ್ಣನ್ನು ಬಿಡಿಸಿಕೊಂಡು ಬರುವುದು ಈ ಕಡೆಯ ಊರುಗಳಲ್ಲಿ ನಡೆದುಬಂದದ್ದೇ. ಗಾಳಿ ಮರದಲ್ಲೇ ಉಳಿಯಿತು ಅನ್ನುತ್ತಾರೆ. ಮೊಳೆಯಂತೂ ಉಳಿಯುತ್ತದೆ. ತೊಗಟೆ ಅದರ ಮೇಲೆ ಬೆಳೆದು ಮುಚ್ಚುತ್ತದೆ, ಮನೆಯವರು ಮಾತು ಮುಚ್ಚುತ್ತಾರೆ, ವರ್ಷಗಳಾದಮೇಲೆ ಮೆಷಿನ್ನಿನ ಹಲ್ಲಿಗೆ ಸಿಕ್ಕಿ ಗುಂಡಿನಂತೆ ಹಾರುತ್ತದೆ. ಯಾವ ಗಿರಾಕಿಯೂ ತಾನಾಗಿ ಹೇಳಿದ್ದಿಲ್ಲ.

‘ಅಂಥವೆಲ್ಲ ನಮ್ಮನೇಲಿಲ್ಲ ಕಣಮ್ಮ,’ ಎಂದರು ಮುನಿವೆಂಕಟಮ್ಮ. ತಕ್ಷಣ ಎಂದರು. ಅವರೆಕಾಯಿ ಸುಲಿಯುವ ಬೆರಳು ನಿಂತಿತ್ತು. ದೂರದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಮುನಿರಾಜನಿಗೆ ಇದು ಸುಳ್ಳೆಂದು ಗೊತ್ತಾಯಿತು, ಒಂಥರಾ ಸಮಾಧಾನವೂ ಆಯಿತು. ಇನ್ನೊಬ್ಬರೂ ಸುಳ್ಳು ಹೇಳಿದರಲ್ಲ, ಭಾರ ಹಂಚಿಹೋಯಿತು ಅನ್ನಿಸಿತು. ಮರುಗಳಿಗೆಗೇ ನಾಚಿಕೆಯಾಯಿತು. ಆ ಮುದುಕಿ ಏನನ್ನು ಮುಚ್ಚಿಡುತ್ತಿದ್ದಾರೋ, ತಾನು ಮುಚ್ಚಿಟ್ಟಿದ್ದು ಯಾತಕ್ಕಾಗಿ? ನೆಲಮಂಗಲದವರ ಮುಂದೆ ಎತ್ತರದ ಸೀಟಿನಲ್ಲಿ ಕೂರುವುದಕ್ಕಾಗಿ.

ಹಿತ್ತಿಲ ಗೋಡೆ ಒಡೆದ ಜಾಗದಿಂದ ಟ್ರ್ಯಾಕ್ಟರು ಒಳಗೆ ಬಂತು. ಕಾರು ನಿಲ್ಲಿಸಲು ಶೆಡ್ ಕಟ್ಟಬೇಕೆಂದೇ ಆವಲಪ್ಪನವರು ಮರ ಕಡಿಸಿ ಗೋಡೆ ಒಡೆಸಿದ್ದರು. ನವೀನ್‌ಕುಮಾರ್ ಕಂಪನಿಯ ಟೋಪಿ ಹಾಕಿಕೊಂಡು, ಮದುವೆಯ ವಿಡಿಯೋ ತೆಗೆಯುವವನ ಹಾಗೆ ಎಲ್ಲರನ್ನೂ ಆ ಕಡೆ ಈ ಕಡೆ ನಿಲ್ಲಿಸಿದ. ‘ಇದೆಲ್ಲ ನಮ್ ಮೆಷಿನ್‌ಗೆ ಬಿಸ್ಕೆಟ್ ಗುರು, ನೋಡ್ತಾ ಇರು,’ ಎಂದು ಮುನಿರಾಜನ ಬೆನ್ನು ತಟ್ಟಿದ. ‘ಮೇಡಂ, ನೀವು ಆ ಗೋಡೆ ಹತ್ರ ಹೋಗ್ಬಿಡಿ.’ ಅತ್ತಿಗೆ ಹೋಗಲಿಲ್ಲ. ಗಾಜಿನ ಮರೆ ಮುಖಕ್ಕೆ ಇಳಿಸಿಕೊಂಡು, ಬೊಡ್ಡೆಯಿಂದ ಸ್ವಲ್ಪವೇ ದೂರದಲ್ಲಿ, ಕಲೆ ಇದ್ದ ಮಗ್ಗುಲಿಗೇ ಸರಿಯಾಗಿ ನಿಂತಳು. ‘ನಾನಿಲ್ಲೇ ಇರ್ತೀನಪ್ಪ. ಸದ್ದು ಕೇಳ್ಬೇಕು ನಂಗೆ. ನಮ್ ಮುನಿ ತೊಳ್ದು ನೋಡವ್ನೆ, ಏನೂ ಭಯ ಇಲ್ಲ.’

ಟ್ರ್ಯಾಕ್ಟರು ಗುಡುಗಿತು. ಚಕ್ರ ಮೊದಲು ಮೆಲ್ಲಗೆ, ಆಮೇಲೆ ಹಲ್ಲುಗಳೇ ಕಾಣದಷ್ಟು ಜೋರಾಗಿ ತಿರುಗತೊಡಗಿತು. ನೋಡುವುದಕ್ಕೆ ಎಷ್ಟು ಚೆನ್ನಾಗಿತ್ತು! ಆ ಸ್ಥಿತಿಯಲ್ಲೂ ಮುನಿರಾಜನಿಗೆ ಅದು ಚೆನ್ನಾಗಿ ಕಂಡಿತು, ಅದಕ್ಕೂ ತನ್ನ ಮೇಲೆ ಸಿಟ್ಟು ಬಂತು. ನವೀನ್‌ಕುಮಾರ್ ಎತ್ತರದಲ್ಲಿ ಕೂತು ಕುತ್ತಿಗೆ ಹಿಂದಕ್ಕೆ ತಿರುಗಿಸಿ ಚಕ್ರವನ್ನು ಇಳಿಸುತ್ತಿದ್ದ. ಅಲ್ಲಿಂದ ಅವನಿಗೆ ಬೊಡ್ಡೆಯ ಮೇಲುಭಾಗವೂ ಸರಿಯಾಗಿ ಕಾಣುತ್ತಿರಲಿಲ್ಲ. ಅತ್ತಿಗೆ ತಲೆ ಸ್ವಲ್ಪ ಓರೆ ಮಾಡಿ ಕಿವಿಗೊಟ್ಟು ನಿಂತಿದ್ದಳು. ಹಾಗೆ ತಲೆ ಓರೆ ಮಾಡಿಯೇ ಅವಳು ಟಿಪ್ಪರ್ ಬಿಟ್ಟು ಬಂದವನ ಮಾತನ್ನೂ ಕೇಳಿದ್ದು. ಯಾಕೆ ಬಿಟ್ಟೆ, ಏನು ಮಾಡಿಕೊಂಡೆ ಎಂದು ಒಂದು ಪ್ರಶ್ನೆಯಿಲ್ಲ. ‘ನಾಳೆ ಬೆಳಿಗ್ಗೆ ಬೇಗ ಎದ್ದೇಳು, ಸಾಸಲಿನ ಶಾಲೆ ಹಿಂದೆ ಒಂದು ಬೊಡ್ಡೆ ಐತೆ,’ ಎಂದಿದ್ದಳು. ಚಕ್ರ ಇಳಿಯುತ್ತಿತ್ತು. ಮುನಿರಾಜ ಕೂಗಿದರೂ ಆ ಗುಡುಗಿನಲ್ಲಿ ಯಾರಿಗೆ ಕೇಳಿಸೀತು? ಕೈಯಲ್ಲಿದ್ದ ಲೋಟದ ತಣ್ಣನೆಯ ಟೀ ಚೆಲ್ಲಿಕೊಂಡು ಓಡಿದ. ಟ್ರ್ಯಾಕ್ಟರಿನ ಮುಂದೆ ಹೋಗಿ ಆ ಸ್ಟೀಲ್ ಲೋಟದಿಂದಲೇ ಬಾನೆಟ್ಟಿನ ಮೇಲೆ ಬಡಿದ, ಬಡಿಯುತ್ತಲೇ ಇದ್ದ.

‘ನಿಲ್ಸೋ! ಎತ್ತೋ ಮೇಲಕ್ಕೆ! ಮೊಳೆ ಐತೆ ಕಣೋ, ಮೊಳೆ!’

ಚಕ್ರ ಮೇಲೆದ್ದಿತು. ಇಂಜಿನ್ನು ಆರಿದಮೇಲೆ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಬೊಡ್ಡೆಯ ಹತ್ತಿರ ಹೋಗಿ, ತಾನು ಸವರಿದ ಹೊಟ್ಟನ್ನು ತನ್ನ ಅಂಗೈಯಿಂದಲೇ ಬಳಿದು ತೆಗೆದ. ಕಲೆ ಒದ್ದೆಯಾಗಿ ಮೊದಲಿಗಿಂತ ಕಪ್ಪಾಗಿತ್ತು. ಆವಲಪ್ಪನವರು ಬಗ್ಗಿ ನೋಡಿದರು. ‘ಏನಯ್ಯಾ ಇದು? ಗೊತ್ತಿದ್ದೂ ಮುಚ್ಚಿಟ್ಟಿದ್ಯಾ? ಯಾರಿಗಾದ್ರೂ ಬಡಿದಿದ್ರೆ ಏನಯ್ಯಾ ಗತಿ?’ ನವೀನ್‌ಕುಮಾರ್ ಟೋಪಿ ತೆಗೆದು, ‘ಲೇ, ಹಲ್ಲಿನ ಸೆಟ್ಟೇ ಹೋಗಿರೋದಲ್ಲೋ!’ ಎಂದ. ಮುನಿರಾಜ ತಲೆ ತಗ್ಗಿಸಿದ. ಹೌದು ಅನ್ನಬೇಕು, ಅಂದುಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ಅತ್ತಿಗೆ ಮುಖದ ಗಾಜು ಮೇಲಕ್ಕೆತ್ತಿ ಹತ್ತಿರ ಬಂದಳು.

‘ನಾನೇ ಫೋನಲ್ಲಿ ಮುಚ್ಚು ಅಂದಿದ್ದು ಅಣ್ಣಾ,’ ಎಂದಳು, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೇಳುವಷ್ಟು ಸಲೀಸಾಗಿ. ‘ಅಜ್ಜಿ ಕಣ್ಣಿಗೆ ಬೀಳ್ಬಾರ್ದು ಅಂತ. ಮೊದ್ಲು ಒಂದ್ಮಾತು ಕೇಳಿ ಆಮೇಲೆ ತೆಗ್ಯಣ ಅಂತಿದ್ದೆ. ಮಾತಲ್ಲಿ ಮರ್ತೇಹೋಯ್ತು. ಸದ್ಯ, ಇವ್ನಿಗೆ ಜ್ಞಾಪಕ ಇತ್ತು.’

ಮುನಿರಾಜ ಅವಳ ಮುಖ ನೋಡಿದ. ಅಲ್ಲಿ ಏನೂ ಇರಲಿಲ್ಲ. ನವೀನ್‌ಕುಮಾರ್ ಮಾತ್ರ ವಾದಕ್ಕೆ ನಿಂತ. ‘ಅಲ್ಲ ಮೇಡಂ, ಆ ದೆವ್ವದ ಮೊಳೆ ಎಲ್ಲ ತಲೆ ಮಟ್ಟಕ್ಕೆ ತಾನೇ ಹೊಡೆಯೋದು? ಅಷ್ಟೆತ್ತರದ ಮರ ಕಡಿದು ಆಗಿದ್ಯಲ್ಲ. ಇದು ಸೊಂಟದ ಮಟ್ಟ.’ ಅತ್ತಿಗೆ ಬಾಗಿಲಲ್ಲಿ ಮೊರ ಬದಿಗಿಟ್ಟು ಎದ್ದು ನಿಂತಿದ್ದ ಮುನಿವೆಂಕಟಮ್ಮನ ಹತ್ತಿರ ಹೋಗಿ, ಅವರ ಕೈ ಹಿಡಿದುಕೊಂಡಳು.

‘ಬುಡದಲ್ಲಿ ಕೂರ್ಸಿ ಹೊಡ್ದ್ರಾ ಅಜ್ಜೀ?’

ಮುದುಕಿ ಅವಳನ್ನೇ ನೋಡಿದರು. ‘ನಿಂಗೆಂಗ್ ಗೊತ್ತು?’

‘ನನ್ನೂ ಕೂರ್ಸಿದ್ರು.’

ಅಷ್ಟೇ ಅಂದಳು. ಹೊಸ ಬಟ್ಟೆಯ ಬಣ್ಣ ಹೇಳುವಷ್ಟು ಸಾಮಾನ್ಯವಾದ ದನಿಯಲ್ಲಿ ಅಂದಳು. ಮೊದಲ ಕೂಸು ಹುಟ್ಟುತ್ತಲೇ ಹೋದಾಗ ಅತ್ತಿಗೆ ತಿಂಗಳುಗಟ್ಟಲೆ ಮಾತಾಡಿರಲಿಲ್ಲ ಎಂದು ಮುನಿರಾಜ ಕೇಳಿದ್ದ. ಆಗ ಅವನು ಬೆಂಗಳೂರಿನಲ್ಲಿದ್ದ. ‘ಏನೋ ಗಾಳಿ ಸೋಕಿತ್ತು, ಬಿಡಿಸಿದ್ವಿ,’ ಎಂದು ತೀರಿಹೋದ ಅವ್ವ ಒಂದು ಸಲ ಫೋನಿನಲ್ಲಿ ಅಂದಿದ್ದು, ಇವನು ಹೂಂ ಎಂದು ಬೇರೆ ಮಾತಿಗೆ ಹೋಗಿದ್ದು ಈಗ ನೆನಪಾಯಿತು. ಕೈಮೆಷಿನ್ನು ಮನೆಗೆ ಬಂದಾಗ ಅತ್ತಿಗೆ ಅದನ್ನು ಮೊಟ್ಟಮೊದಲು ಬಿಟ್ಟದ್ದು ತಮ್ಮದೇ ಹಿತ್ತಿಲಿನ ಹುಣಸೆ ಬೊಡ್ಡೆಯ ಮೇಲೆ. ರಾಗಿ ಒಣಗಿಸಲು ಜಾಗ ಬೇಕು ಎಂದಿದ್ದಳು. ಶುರು ಮಾಡುವ ಮುಂಚೆ ಎಲ್ಲರನ್ನೂ ಒಳಗೆ ಕಳಿಸಿ, ಉಳಿ ಸುತ್ತಿಗೆ ಹಿಡಿದು ಒಬ್ಬಳೇ ಏನೋ ಕೆತ್ತುತ್ತ ಕೂತಿದ್ದಳು. ಮೆಷಿನ್ನಿನ ಪೂಜೆಗೆ ಊರಿಗೆ ಬಂದಿದ್ದ ಇವನು ಕಿಟಕಿಯಲ್ಲಿ ನೋಡಿ, ಹೆಂಗಸಿಗೆ ಮೆಷಿನ್ನಿನ ಹುಚ್ಚು ಎಂದು ಅಣ್ಣನ ಹತ್ತಿರ ನಕ್ಕಿದ್ದ. ತನ್ನ ಕೂದಲು ಸುತ್ತಿದ ಮೊಳೆಯನ್ನು ತಾನೇ ಕಿತ್ತು, ಆ ಬೊಡ್ಡೆಯನ್ನು ತಾನೇ ಪುಡಿ ಮಾಡಿ, ಅದರ ಮೇಲೆ ರಾಗಿ ಹರವಿ, ಅದೇ ಕೆಲಸದಿಂದ ಮನೆ ನಡೆಸಿದವಳು! ಎಂಥಾ ಹೆಂಗಸಪ್ಪ ಇವಳು ಎಂದು ಅವನಿಗೆ ಎದೆ ತುಂಬಿ ಬಂತು. ಹತ್ತಿರ ಹೋಗಿ ಕಾಲಿಗೆ ಬೀಳಬೇಕು ಅನ್ನಿಸಿತು. ಬಿದ್ದಿದ್ದರೆ ಅವಳು ಬೈಯುತ್ತಿದ್ದಳು.

ಮೊಳೆಗಳನ್ನು ತೆಗೆದವನು ಮುನಿರಾಜನೇ. ಯಾರನ್ನೂ ಮುಟ್ಟಗೊಡಲಿಲ್ಲ. ಕಲೆಯ ಗುಂಟ ಉಳಿಯಿಂದ ಕೆತ್ತುತ್ತ ಇಳಿದ. ಹುಣಸೆ ಕಲ್ಲಿನಂಥ ಮರ, ಅಂಗೈ ಬೊಕ್ಕೆ ಎದ್ದು ಒಡೆಯಿತು. ಕೊನೆಗೆ ಕಪ್ಪಗೆ ತುಕ್ಕು ಹಿಡಿದ, ತಲೆ ಅಗಲದ ಹಳೇ ಕಾಲದ ಮೊಳೆಗಳು ಒಂದೊಂದಾಗಿ ಇಕ್ಕಳಕ್ಕೆ ಸಿಕ್ಕವು. ಅವನು ಅವನ್ನು ಸೀದಾ ಮುನಿವೆಂಕಟಮ್ಮನ ಅಂಗೈಗೆ ಹಾಕಿದ. ಆವಲಪ್ಪನವರು ತಾಯಿಯ ಕೈಯನ್ನೇ ನೋಡುತ್ತ ನಿಂತಿದ್ದರು. ‘ಯಾರಮ್ಮಾ ಮಾಡ್ಸಿದ್ದು?’ ಎಂದು ಕೇಳಿದರು. ‘ನೀನಿನ್ನೂ ಹುಟ್ಟಿರ್ನಿಲ್ಲ ಬಿಡು. ನಿಮ್ಮಪ್ಪನೇ ರಟ್ಟೆ ಹಿಡ್ಕೊಂಡಿದ್ದು,’ ಎಂದರು ಮುದುಕಿ. ಆವಲಪ್ಪನವರು ಒಡೆದ ಗೋಡೆಯ ಕಡೆ ತಿರುಗಿದರು. ಮುದುಕಿ ಅತ್ತಿಗೆಯನ್ನು ಕೇಳಿದರು. ‘ನಿಂದು ನೀನು ಏನ್ಮಾಡ್ದೆ ತಾಯೀ? ಕೆರೇಗ್ ಹಾಕ್ದಾ?’

‘ಕೆರೇಗ್ಯಾಕೆ ಅಜ್ಜೀ, ಒಳ್ಳೆ ಕಬ್ಬಿಣ! ಗುಜರಿಯೋನಿಗೆ ಹಾಕಿ ಬೆಳ್ಳುಳ್ಳಿ ಈಸ್ಕೊಂಡೆ.’

ಮುನಿವೆಂಕಟಮ್ಮ ಮೊದಲು ಕಣ್ಣು ಬಿಟ್ಟರು. ಆಮೇಲೆ ನಗತೊಡಗಿದರು. ಹಲ್ಲಿಲ್ಲದ ಬಾಯಿಗೆ ಸೆರಗು ಒತ್ತಿಕೊಂಡು, ಮೈ ಕುಲುಕಿಸಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅತ್ತಿಗೆಯೂ ನಕ್ಕಳು. ‘ಬೆಳ್ಳುಳ್ಳಿ! ಅಯ್ಯೋ ನಿನ್ನ... ಬೆಳ್ಳುಳ್ಳಿ!’ ಎನ್ನುತ್ತ ಮುದುಕಿ ಮೊಳೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಆಮೇಲೆ ದೊಡ್ಡ ಮೆಷಿನ್ನು ಆ ಬೊಡ್ಡೆಯನ್ನು ತಿಂದಿತು. ನಿಜ ಹೇಳಬೇಕೆಂದರೆ ಭೇಷಾಗಿ ತಿಂದಿತು. ಕೆಂಪು ಹೊಟ್ಟು ಕಾರಂಜಿಯಂತೆ ಎದ್ದಿತು, ಒಗರು ವಾಸನೆ ಹಿತ್ತಿಲೆಲ್ಲ ತುಂಬಿತು. ಮಧ್ಯಾಹ್ನದ ಊಟಕ್ಕೆ ಮುಂಚೆ ಬೊಡ್ಡೆ ಇದ್ದಲ್ಲಿ ಮೆತ್ತನೆಯ ಹೊಟ್ಟಿನ ಗುಣಿ ಮಾತ್ರ ಉಳಿದಿತ್ತು. ನವೀನ್‌ಕುಮಾರ್ ಇಳಿದುಬಂದು, ‘ಹೆಂಗೆ ಗುರು? ಬುಕ್ ಮಾಡ್ಲಾ?’ ಎಂದ. ಅತ್ತಿಗೆ ಮುನಿರಾಜನ ಕಡೆ ನೋಡಿದಳು. ಮಾತು ಕೊಟ್ಟಿದ್ದಾಳೆ, ತಿಂದು ತೋರಿಸಿದರೆ ತಗೊಳ್ಳೋಣ ಎಂದು. ಇವನು ಹೂಂ ಎಂದರೆ ಅವಳೂ ಹೂಂ ಅನ್ನುತ್ತಾಳೆ, ಒಂದು ಮಾತೂ ಎತ್ತದೆ. ಮುನಿರಾಜ ಆ ಎತ್ತರದ ಸೀಟನ್ನು ನೋಡಿದ, ಅಲ್ಲಿಂದ ಚಕ್ರಕ್ಕಿರುವ ದೂರವನ್ನು ನೋಡಿದ.

‘ಮೆಷಿನ್ನು ಚೆನ್ನಾಗೈತೆ ನವೀನಣ್ಣ. ತೋಪು ಮಾಡೋರಿಗೆ ಇದನ್ನೇ ಹೇಳ್ತೀನಿ. ನಮ್ಗೆ ಬೊಡ್ಡೆ ಹತ್ರ ನಿಂತ್ಕೊಳ್ಳೋದೇ ಬೇಕು. ಕೈಮೆಷಿನ್ನಲ್ಲಿ ಜೋರಾಗಿರೋದು ಯಾವ್ದೈತೋ ಅದ್ರ ಬಗ್ಗೆ ಹೇಳು.’

ಸಂಜೆ ದೇವನಹಳ್ಳಿಯ ದಾರಿಯಲ್ಲಿ ಟಾಟಾ ಏಸ್ ಓಡಿಸುವಾಗ ಅವನ ಒಡೆದ ಅಂಗೈ ಸ್ಟೇರಿಂಗಿಗೆ ತಾಗಿ ಉರಿಯುತ್ತಿತ್ತು. ಪಕ್ಕದಲ್ಲಿ ಅತ್ತಿಗೆ ಅವನು ತಿನ್ನದೆ ಬಿಟ್ಟ ಒಬ್ಬಟ್ಟನ್ನು ಮುರಿದು ತಿನ್ನುತ್ತಿದ್ದಳು. ‘ಭಾನುವಾರ ಹೆಣ್ಣಿನೋರಿಗೆ ಏನಂತೀಯಾ?’ ಎಂದು ಕೇಳಿದಳು. ‘ಇರೋದು ಹೇಳ್ತೀನಿ. ಓನರ್ ನಮ್ಮತ್ತಿಗೆ, ನಾನು ಜೊತೇಲಿ ಮಾಡ್ತೀನಿ ಅಂತೀನಿ. ಆಗೋದಾದ್ರೆ ಆಗ್ಲಿ.’ ಅವಳು ಇನ್ನೊಂದು ತುಂಡು ಮುರಿದು ಅವನ ಬಾಯಿಗೆ ಹಿಡಿದಳು. ಅವನು ತಿಂದ. ಈ ಸಲ ಇಳಿಯಿತು. ಸ್ವಲ್ಪ ದೂರ ಹೋದಮೇಲೆ ಕೇಳಿಯೇಬಿಟ್ಟ.

‘ಅತ್ತಿಗೆ, ನಿಮ್ಗೆ ಯಾವಾಗ ಗೊತ್ತಾಯ್ತು?’

‘ಆಟೋ ಇಳ್ದಾಗ್ಲೇ. ತೊಳ್ದಿರೋ ಬೊಡ್ಡೆ ಮೇಲೆ ಹೊಟ್ಟು ಎಲ್ಲಿಂದ ಬರ್ತದೋ, ಪೆದ್ದ?’

ಅವನಿಗೆ ರಸ್ತೆ ಮಂಜಾಯಿತು. ಗಾಡಿಯ ವೇಗ ತಗ್ಗಿಸಿದ. ‘ಗೊತ್ತಿದ್ದೂ ಅಲ್ಲೇ ಹೋಗಿ ನಿಂತ್ರಾ?’

‘ಶುದ್ಧವಾಗೈತೆ ಅಂದಿದ್ಯಲ್ಲ ನೀನು.’ ಅವಳು ಬಾಳೆಲೆಯನ್ನು ಮಡಚಿ ಕಿಟಕಿಯಿಂದ ಹೊರಗೆ ಹಾಕಿದಳು. ‘ಸಾಯೋಕೆ ನಂಗೇನ್ ಹುಚ್ಚಾ? ಚಕ್ರ ಇನ್ನೊಂದ್ ಚೂರು ಇಳ್ದಿದ್ರೆ ನಾನೇ ಕೈ ಎತ್ತಿ ನಿಲ್ಲಿಸ್ತಿದ್ದೆ. ಆದ್ರೆ ನಾಳೆಯಿಂದ ನಿನ್ ಜೊತೆ ಕೆಲ್ಸಕ್ಕೆ ಬರ್ತಿರ್ಲಿಲ್ಲ.’

ಹಿಂದೆ ಕಟ್ಟಿದ್ದ ಕೈಮೆಷಿನ್ನು ರಸ್ತೆಯ ಉಬ್ಬುಗಳಲ್ಲಿ ಕಟಕಟ ಸದ್ದು ಮಾಡುತ್ತಿತ್ತು. ಮರುದಿನದ ಕೆಲಸ ದೇವನಹಳ್ಳಿಯ ಒಂದು ಹಳೇ ಮನೆಯ ಹಲಸಿನ ಬೊಡ್ಡೆ. ಸರದಿಯ ಪ್ರಕಾರ ಅದನ್ನು ತೊಳೆಯುವವಳು ಅತ್ತಿಗೆ. ಊರು ಹತ್ತಿರವಾದಾಗ ಮುನಿರಾಜ ತಡವರಿಸುತ್ತ, ‘ನಾಳೆ ನಿಮ್ ಸರದಿ ಅಲ್ವಾ ಅತ್ತಿಗೆ,’ ಎಂದ.

‘ಹೂಂ,’ ಎಂದಳು ಅವಳು. ‘ನೀನೇ ತೊಳಿ.’